ಗೊಬ್ಬರದ ಚೀಲ ತೆಗೆದು ಗಾಜು ಏರಿಸಿದ್ದು

ಕಾಕಾನ ಗಾಡಿಯ ನಾಲ್ಕು ಕಿಟಕಿಗಳಲ್ಲಿ ಒಂದು ಇಳಿದರೆ ಏರುತ್ತಿರಲಿಲ್ಲ. ಒಂದು ಏರಿದ್ದು ಇಳಿಯುತ್ತಿರಲಿಲ್ಲ. ಮೂರನೆಯದು ಮನಸ್ಸು ಬಂದ ದಿನ ಅರ್ಧ ದಾರಿ ಬಂದು ನಿಲ್ಲುತ್ತಿತ್ತು. ನಾಲ್ಕನೆಯದರ, ಅಂದರೆ ಹಿಂದಿನ ಎಡಬಾಗಿಲಿನ ಗಾಜು ಬಾಗಿಲೊಳಗೇ ಬಿದ್ದುಹೋಗಿ ವರ್ಷದ ಮೇಲಾಗಿತ್ತು. ಆ ಜಾಗಕ್ಕೆ ಗೊಬ್ಬರದ ಚೀಲ ಕತ್ತರಿಸಿ, ಸುತ್ತ ಟೇಪು ಹಚ್ಚಿದ್ದ. ಗಾಡಿ ಓಡುವಾಗ ಆ ಚೀಲ ಬಡಕೊಳ್ಳುವ ಸದ್ದು ಕೇಳಿದರೆ ಸಾಕು, ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವ ರಸ್ತೆಯ ಅಂಗಡಿಯವರೆಲ್ಲ ತಲೆ ಎತ್ತದೆಯೇ ಕಾಕಾ ಬಂದ ಅನ್ನುತ್ತಿದ್ದರು.

ಆ ಅಂಗಡಿಗಳಲ್ಲಿ ನನ್ನದೂ ಒಂದು. ಎರಡು ತಗಡು, ಒಂದು ಬೆಂಚು, ಗೋಡೆಗೆ ಹಳೆಯ ಹಾರ್ನುಗಳ ಸರ. ಗಾಡಿಗಳ ವೈರಿಂಗು, ಬ್ಯಾಟರಿ ನನ್ನ ಕಸುಬು. ಕಾಕಾ ನನಗೆ ರಕ್ತಸಂಬಂಧಿಯಲ್ಲ, ಆ ರಸ್ತೆಗೆಲ್ಲ ಕಾಕಾ. ಅವನ ಹಳದಿ ಬೋರ್ಡಿನ ಗಾಡಿ ನನಗಿಂತ ಐದು ವರ್ಷ ಚಿಕ್ಕದು. ಅದೂ ನನ್ನ ಹಾಗೆಯೇ, ಕೆಲಸ ಹೇಳಿದರೆ ಎರಡು ಸಲ ಕೆಮ್ಮಿ ಆಮೇಲೆ ಏಳುತ್ತದೆ.

ಸೋಮವಾರ ಬೆಳಿಗ್ಗೆ ಅವನು ಬಂದಾಗ ನಾನು ಚೀಲ ತೋರಿಸಿ, ಈ ಸಲ ಯೂರಿಯಾನೋ ಡಿಎಪಿನೋ ಎಂದು ಕೇಳಿದೆ. ಯಾವಾಗಲೂ ನಗುವವನು ಅವತ್ತು ನಗಲಿಲ್ಲ. ಬೆಂಚಿನ ಮೇಲೆ ಕೂತು, ಚಪ್ಪಲಿ ಕಳಚಿ, ವಿಷಯ ಹೇಳಿದ. ಗುರುವಾರ ಬಾಗಲಕೋಟೆಯಲ್ಲಿ ಗಾಡಿಯ ಪಾಸಿಂಗು. ವರ್ಷಕ್ಕೊಮ್ಮೆ ಗಾಡಿ ನೋಡಿ, ಇನ್ನೊಂದು ವರ್ಷ ಬಾಡಿಗೆಗೆ ಓಡಿಸಬಹುದು ಎಂದು ಬರೆದುಕೊಡುವ ಕೆಲಸ. ಹೋದ ವರ್ಷವೇ ಅಧಿಕಾರಿ ಚೀಲ ನೋಡಿ, ಮುಂದಿನ ಸಲ ನಾಲ್ಕೂ ಗಾಜು ಏರಿ ಇಳಿಯದಿದ್ದರೆ ಗಾಡಿ ತರಲೇಬೇಡಿ ಎಂದಿದ್ದರಂತೆ. ಕಾಕಾನ ಗಾಡಿಯಲ್ಲಿ ದಿನಾ ಐದು ಜನ ಶಿಕ್ಷಕಿಯರು ಇಳಕಲ್ಲಿನಿಂದ ಮರೋಳದ ಕಡೆಯ ಸಾಲೆಗಳಿಗೆ ಹೋಗಿ ಬರುತ್ತಾರೆ. ಕಲ್ಲಿನ ಕ್ವಾರಿಯ ಟಿಪ್ಪರುಗಳು ಎದುರಾದಾಗಲೆಲ್ಲ ಧೂಳಿಗೆ ಐವರೂ ಸೆರಗು ಮೂಗಿಗೆ ಹಿಡಿದು ಕೂರಬೇಕು. ಸಾಲೆ ತೆರೆಯಲು ಇನ್ನು ಎಂಟೇ ದಿನ. ಅವರಲ್ಲಿ ಹಿರಿಯರಾದ ಅಕ್ಕಾರು ಫೋನು ಮಾಡಿ, ಪಾಸಿಂಗ್ ಆಗದಿದ್ದರೆ ಬೇರೆ ಗಾಡಿ ನೋಡಿಕೊಳ್ಳುತ್ತೇವೆ, ಬೇಜಾರಾಗಬೇಡಿ ಎಂದಿದ್ದರು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಂದ್ರ ಏನ್ ಮಾಡೂದೋ ತಮ್ಮಾ," ಅಂದ ಕಾಕಾ. "ಆ ಟ್ರಿಪ್ ಬಿಟ್ರ ನನಗ ಬ್ಯಾರೆ ಏನೈತಿ?"

ನಾನು ಎದೆ ತಟ್ಟಿಕೊಂಡು, ನಾಳೆ ಸಂಜೆಯೊಳಗೆ ನಾಲ್ಕೂ ಗಾಜು ನಿಮ್ಮ ಬೆರಳು ನೋಡಿ ಕುಣಿಯುತ್ತವೆ ಎಂದೆ. ಆ ಮಾತು ಆಡಿದಾಗ ನಾನಿನ್ನೂ ಬೆಳಗಿನ ಚಹಾ ಕುಡಿದಿರಲಿಲ್ಲ ಎಂಬುದೊಂದೇ ನನ್ನ ಸಮರ್ಥನೆ.

ಕಿಟಕಿಯ ಮೋಟಾರು ಬಾಗಿಲಿನ ಹೊಟ್ಟೆಯೊಳಗಿರುತ್ತದೆ. ಅದನ್ನು ಮುಟ್ಟಬೇಕಾದರೆ ಮೊದಲು ಬಾಗಿಲಿನ ಒಳಮೈಯ ಹಲಗೆ ಬಿಚ್ಚಬೇಕು. ಹಿಡಿಕೆಯ ಹಿಂದೆ ಒಂದು ಸ್ಕ್ರೂ, ಕೈ ಇಡುವ ಜಾಗದ ಕೆಳಗೆ ಎರಡು, ಕನ್ನಡಿಯ ಪಕ್ಕದ ತ್ರಿಕೋನದ ಮುಚ್ಚಳದ ಅಡಿ ಒಂದು. ಆಮೇಲೆ ಅಂಚಿಗೆ ಚಪ್ಪಟೆ ಸಲಾಕೆ ತೂರಿಸಿ, ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಒಂದೊಂದಾಗಿ ಮೆಲ್ಲಗೆ ಎಬ್ಬಿಸಬೇಕು. ಈ ಮೆಲ್ಲಗೆ ಎಂಬ ಮಾತು ನನಗೆ ಗೊತ್ತು, ನನ್ನ ಕೈಗೆ ಗೊತ್ತಿಲ್ಲ. ಮೊದಲ ಬಾಗಿಲಿನ ಒಂಬತ್ತು ಕ್ಲಿಪ್ಪುಗಳಲ್ಲಿ ಏಳು ಮುರಿದವು. ಉಳಿದ ಎರಡು ಎಲ್ಲಿ ಹಾರಿದವೋ ಇವತ್ತಿಗೂ ತಿಳಿಯದು.

ಹಲಗೆಯ ಹಿಂದೆ ಅಂಟು ಹಚ್ಚಿದ ಪ್ಲಾಸ್ಟಿಕ್ ಹಾಳೆ. ಅದನ್ನು ಸುಲಿದರೆ ಕಬ್ಬಿಣದ ತೂತುಗಳು, ಒಳಗೆ ಗಾಜನ್ನು ಎಳೆಯುವ ತಂತಿಯ ಹಗ್ಗ, ಅದರ ಬುಡಕ್ಕೆ ಮೋಟಾರು. ನಾನು ಟೆಸ್ಟ್ ಲ್ಯಾಂಪ್ ಹಿಡಿದೆ. ಸ್ವಿಚ್ಚು ಒತ್ತಿದಾಗ ದೀಪ ಹತ್ತಿತು, ಮೋಟಾರು ಮಾತ್ರ ಗುಂಯ್ ಎಂದು ಸುಮ್ಮನಾಯಿತು. ಕರೆಂಟು ಬರುತ್ತಿದೆ, ಮೋಟಾರು ತಿರುಗುತ್ತಿಲ್ಲ. ಅಂದಮೇಲೆ ಮೋಟಾರು ಸತ್ತಿದೆ. ಹೀಗೆ ನಾಲ್ಕೂ ಬಾಗಿಲಿಗೆ ದೀಪ ಹಿಡಿದು, ನಾಲ್ಕೂ ಮೋಟಾರು ಸತ್ತಿವೆ ಎಂದು ಡಾಕ್ಟರರ ಗತ್ತಿನಲ್ಲಿ ಹೇಳಿದೆ. ಗಾಜನ್ನು ಹಗ್ಗದಿಂದ ಬಿಡಿಸಿ, ಬರಿಗೈಯಲ್ಲಿ ಒಮ್ಮೆ ಮೇಲೆ ಕೆಳಗೆ ಸರಿಸಿ ನೋಡುವುದು ಹತ್ತು ಸೆಕೆಂಡಿನ ಕೆಲಸ. ಅದನ್ನು ಮಾಡಲಿಲ್ಲ. ಮುಂದಿನ ಮೂರು ದಿನ ಆ ಹತ್ತು ಸೆಕೆಂಡಿನ ಬಡ್ಡಿ ಕಟ್ಟಿದೆ.

ಹುಬ್ಬಳ್ಳಿಗೆ ಫೋನು ಹೊಡೆದು ನಾಲ್ಕು ಮೋಟಾರು ಹೇಳಿದೆ. ಅವು ಬಸ್ಸಿನಲ್ಲಿ ಬರುವಷ್ಟರಲ್ಲಿ ಹಳೆಯವನ್ನು ಬಿಚ್ಚಿಡೋಣ ಎಂದು ಕೂತೆ. ಗಾಜು ಜಾರದಂತೆ ಮೇಲೆ ಟೇಪು ಹಚ್ಚಬೇಕು. ಹಚ್ಚಿದೆ, ಆದರೆ ಧೂಳಿನ ಮೇಲೆ ಹಚ್ಚಿದೆ. ಬೋಲ್ಟು ಸಡಿಲಿಸಿದ ಕೂಡಲೇ ಗಾಜು ನನ್ನ ಬೆರಳಿನ ಮೇಲೆ ಇಳಿಯಿತು. ಬೆರಳು ಎಳೆದುಕೊಳ್ಳುವ ಗಡಿಬಿಡಿಯಲ್ಲಿ ಸ್ಕ್ರೂಡ್ರೈವರು ಬಾಗಿಲಿನ ಹೊಟ್ಟೆಗೆ ಬಿತ್ತು. ಅದನ್ನು ತೆಗೆಯಲು ಕೈ ಹಾಕಿದೆ. ಹೋಗುವಾಗ ಸಲೀಸಾಗಿ ಹೋದ ಕೈ ಬರುವಾಗ ಮೊಣಕೈಗೆ ಸಿಕ್ಕಿಕೊಂಡಿತು. ಕಾಕಾ ನನ್ನ ಸೊಂಟ ಹಿಡಿದು ಎಳೆದ. ಟಿಪ್ಪರು ನಿಲ್ಲಿಸಿ ನೋಡುತ್ತಿದ್ದ ಇಬ್ಬರು ಡ್ರೈವರುಗಳು, ಹುಡುಗನನ್ನು ಬಾಗಿಲು ಸಮೇತ ಬಿಚ್ಚಿ ಒಯ್ಯಿರಿ ಎಂದು ಸಲಹೆ ಕೊಟ್ಟರು. ಕೊನೆಗೆ ಸೋಪು ನೀರಿನಿಂದ ಕೈ ಹೊರಬಂತು. ಸ್ಕ್ರೂಡ್ರೈವರು ಬರಲಿಲ್ಲ.

ಮಂಗಳವಾರ ಹನ್ನೊಂದಕ್ಕೆ ಪಾರ್ಸೆಲ್ ಸಿಕ್ಕಿತು. ಎಡಬಾಗಿಲಿನ ಮೋಟಾರು, ಬಲಬಾಗಿಲಿನ ಮೋಟಾರು ಬೇರೆ ಬೇರೆ. ಕನ್ನಡಿಯಲ್ಲಿ ನೋಡಿದ ಹಾಗೆ ಒಂದಕ್ಕೊಂದು ತಿರುವು. ಡಬ್ಬಿಯ ಮೇಲೆ ಅದನ್ನು ಬರೆದಿರುತ್ತಾರೆ. ಡಬ್ಬಿ ನಾನು ಮೊದಲೇ ಹರಿದು ಎಸೆದಿದ್ದೆ. ಬಲದ್ದನ್ನು ಎಡಕ್ಕೆ ಕೂಡಿಸಲು ಒಂದು ತಾಸು ಹೆಣಗಿದೆ. ಮೂರು ತೂತುಗಳಲ್ಲಿ ಎರಡು ಸರಿಹೊಂದಿದ್ದವು, ಮೂರನೆಯದು ಒಂದು ಬೆರಳು ಆಚೆ. ಕಂಪನಿಯವರೇ ತಪ್ಪು ಜಾಗದಲ್ಲಿ ತೂತು ಹೊಡೆದಿದ್ದಾರೆ ಎಂದು ತೀರ್ಮಾನಿಸಿ, ಡ್ರಿಲ್ ಮಷಿನ್ ಕೈಗೆತ್ತಿಕೊಂಡೆ. ಕಾಕಾ ಇನ್ನೊಂದು ಮೋಟಾರನ್ನು ತಂದು ಅದರ ಪಕ್ಕದಲ್ಲಿಟ್ಟು, ಎರಡರ ತೂತುಗಳನ್ನೂ ಬೆರಳಿನಿಂದ ತೋರಿಸಿದ. ನಾನು ಡ್ರಿಲ್ ಕೆಳಗಿಟ್ಟೆ.

ಸಂಜೆಯ ಹೊತ್ತಿಗೆ ಮುಂದಿನ ಎರಡು ಬಾಗಿಲು, ಹಿಂದಿನ ಬಲಬಾಗಿಲು ಮುಗಿದವು. ಒಂದರಲ್ಲಿ ವೈರು ತಿರುವುಮುರುವಾಗಿ, ಏರು ಎಂದರೆ ಇಳಿದು, ಇಳಿ ಎಂದರೆ ಏರಿತು. ನಮ್ಮ ಮನೆಯಲ್ಲಿ ನಾನು ಬೆಳೆದದ್ದೂ ಹೀಗೆಯೇ, ಆದ್ದರಿಂದ ಅದರ ಮೇಲೆ ಸಿಟ್ಟು ಬರಲಿಲ್ಲ. ವೈರು ಬದಲಿಸಿದೆ. ಮೂರೂ ಗಾಜು ಓಡಿದವು. ತುಸು ನಿಧಾನ. ಹಳೆಯ ಬ್ಯಾಟರಿ, ಅದಕ್ಕೇ ನಿಧಾನ ಎಂದು ಹೇಳಿದೆ. ಕಾಕಾ ಕೂತಲ್ಲೇ ಹದಿನೈದು ಇಪ್ಪತ್ತು ಸಲ ಗಾಜು ಏರಿಸಿ ಇಳಿಸಿದ. ಅವನ ಖುಷಿ ನೋಡಿ ನಾನೂ ತಡೆಯಲಿಲ್ಲ.

ಬುಧವಾರ ಬೆಳಿಗ್ಗೆ ಗೊಬ್ಬರದ ಚೀಲ ಕಿತ್ತು, ಬಾಗಿಲೊಳಗೆ ಬಿದ್ದಿದ್ದ ಗಾಜನ್ನು ಮೇಲೆತ್ತಿ, ನಾಲ್ಕನೆಯ ಮೋಟಾರು ಕೂಡಿಸಿದೆ. ಗಾಜು ಅರ್ಧ ಏರಿ ನಿಂತಿತು. ಮತ್ತೆ ಒತ್ತಿದೆ. ಒಂದು ಬೆರಳಷ್ಟು ಏರಿತು. ಮೋಟಾರಿನೊಳಗೆ ಶಾಖ ಹೆಚ್ಚಾದರೆ ತಾನೇ ಕಡಿದುಕೊಳ್ಳುವ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಅದು ಕಡಿದುಕೊಂಡಿತ್ತು, ಮೋಟಾರು ನನಗೆ ಸಾಕು ಎಂದು ಹೇಳುತ್ತಿತ್ತು. ಅದು ತಣ್ಣಗಾಗುವವರೆಗೆ ಕಾಯುವುದು, ಮತ್ತೆ ಒತ್ತುವುದು, ಹೀಗೆ ಒಂದು ತಾಸು. ಕೊನೆಗೆ ನನ್ನ ತಲೆಯ ಸ್ವಿಚ್ಚು ಕಡಿದುಕೊಂಡಿತು. ಬ್ಯಾಟರಿಯಿಂದ ನೇರವಾಗಿ ಎರಡು ದಪ್ಪ ವೈರು ಎಳೆದು ಮೋಟಾರಿಗೆ ಮುಟ್ಟಿಸಿ ಹಿಡಿದೆ. ಬಾಗಿಲೊಳಗಿಂದ ಸಣ್ಣಗೆ ಹೊಗೆ ಬಂತು, ಮೊಸರು ಮೆಣಸಿನಕಾಯಿ ಕರಿದು ಮರೆತಂಥ ವಾಸನೆ. ಹೊಚ್ಚ ಹೊಸ ಮೋಟಾರು ಸುಟ್ಟುಹೋಗಿತ್ತು.

ಅಷ್ಟರಲ್ಲಿ ಮುಂದಿನ ಸೀಟಿನಲ್ಲಿದ್ದ ಕಾಕಾ ಕರೆದ. ನಿನ್ನೆ ಓಡಿದ ಡ್ರೈವರ್ ಕಡೆಯ ಗಾಜೂ ಅರ್ಧಕ್ಕೆ ನಿಂತಿತ್ತು.

ನಾನು ನೆಲದ ಮೇಲೆ ಕೂತೆ. ನಾಳೆ ಬೆಳಿಗ್ಗೆ ಎಂಟಕ್ಕೆ ಗಾಡಿ ಬಾಗಲಕೋಟೆಗೆ ಹೊರಡಬೇಕು. ಕೈಗೆ ಗಾಯ, ಕುತ್ತಿಗೆ ತಿರುಗುತ್ತಿಲ್ಲ, ಬಾಯಿಗೆ ಚಾಷ್ಟಿ ಮಾಡುವ ಒಂದು ನಗೆಮಾತೂ ಬರುತ್ತಿಲ್ಲ. ಕೊನೆಯದು ನನಗೆ ಜ್ವರಕ್ಕಿಂತ ಕೆಟ್ಟ ಲಕ್ಷಣ.

ಮಧ್ಯಾಹ್ನ ಕಾಕಾನ ಹೆಂಡತಿ, ಅಂದರೆ ನಮಗೆಲ್ಲ ಕಾಕು, ಬುತ್ತಿ ತಂದಳು. ನಾವು ಕೈ ತೊಳೆಯುವಾಗ ಅವಳು ಬಿಚ್ಚಿದ ಬಾಗಿಲಿನ ಹತ್ತಿರ ಹೋಗಿ, ಗಾಜು ಜಾರುವ ರಬ್ಬರಿನ ಕಾಲುವೆಯೊಳಗೆ ಬೆರಳಿಟ್ಟು ಮೂಸಿ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ನನ್ನ ಕುಸುಬಿ ಎಣ್ಣಿ ಎಲ್ಲಿ ಹೋಗ್ತಿತ್ತು ಅಂತ ಈಗ ತಿಳೀತು. ಒಗ್ಗರಣಿಗೆ ಎಣ್ಣಿ ಇಲ್ಲ ಅಂತ ನಾ ಒದ್ದಾಡಾಕತ್ತೀನಿ, ಇವರು ಗಾಡಿಗೆ ಅಭ್ಯಂಗ ಮಾಡ್ಯಾರ."

ಕಾಕಾ ತಲೆ ತಗ್ಗಿಸಿದ. ನಾನು ಎದ್ದು ಹೋಗಿ ಬೆರಳಿಟ್ಟೆ. ಕಾಲುವೆಯ ಉದ್ದಕ್ಕೂ ಬೂದುಕೆಂಪು ಬಣ್ಣದ ಒಂದು ಪದರ, ಉಗುರಿಗೆ ಬಗ್ಗದಷ್ಟು ಗಟ್ಟಿ. ಕುಸುಬಿ ಎಣ್ಣೆ ತೆಳ್ಳಗೆ ಹಚ್ಚಿ ಬಿಟ್ಟರೆ ಒಣಗಿ ಅರಗಿನಂತಾಗುತ್ತದೆ ಎಂದು ಈ ಕಡೆಯ ಅಡುಗೆಮನೆಗೆಲ್ಲ ಗೊತ್ತು. ಅದಕ್ಕೆ ಇಳಕಲ್ಲಿನ ಕೆಂಪು ಕಲ್ಲಿನ ಪುಡಿ ಸೇರಿದರೆ ಗಾರೆಯೇ ಆಯಿತು. ಗಾಜು ಆ ಗಾರೆಯೊಳಗೆ ಸಿಕ್ಕಿಕೊಂಡಿತ್ತು. ಮೋಟಾರುಗಳದೇನೂ ತಪ್ಪಿರಲಿಲ್ಲ, ಹಳೆಯವುಗಳದ್ದೂ ಇರಲಿಲ್ಲ, ಹೊಸವುಗಳದ್ದೂ ಇರಲಿಲ್ಲ. ಗೋಡೆ ನೂಕು ಎಂದು ಎತ್ತಿಗೆ ಹೊಡೆದಂತೆ ನಾನು ಅವನ್ನು ಹೊಡೆದಿದ್ದೆ.

ಇದಕ್ಕೆ ಎಣ್ಣೆ ಹಾಕೆಂದು ಯಾವ ಪುಣ್ಯಾತ್ಮ ಹೇಳಿದ ಎಂದು ಕೇಳಿದೆ. ಕಾಕಾ ರೊಟ್ಟಿ ಮುರಿಯುತ್ತ, ಮುಖ ಎತ್ತದೆ ಹೇಳಿದ.

"ನೀನ ಹೇಳಿದ್ದೆಲ್ಲೋ ತಮ್ಮಾ. ಎರಡು ವರ್ಷ ಆತು."

ನೆನಪಾಯಿತು. ಅದು ಅಮಾವಾಸ್ಯೆಯ ದಿನ. ನಮ್ಮಲ್ಲಿ ಗಾಡಿ ಇದ್ದವರೆಲ್ಲ ಅಮಾವಾಸ್ಯೆಗೆ ಗಾಡಿ ತೊಳೆದು, ಪೂಜೆ ಮಾಡಿ, ನಿಂಬೆಹಣ್ಣು ಕಟ್ಟುತ್ತಾರೆ. ಅಂಗಡಿಯ ಮುಂದೆ ಗಾಡಿಗಳ ಸಾಲು, ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಕಾಕಾ ಬಂದು, ಗಾಜು ಬಿಗಿ ಆಗುತ್ತಿದೆ, ಏನು ಮಾಡಲಿ ಎಂದು ಕೇಳಿದ. ನಾನು ಅವನ ಕಡೆ ನೋಡದೆಯೇ, ಅಮಾವಾಸ್ಯೆಗೊಮ್ಮೆ ಅದಕ್ಕೂ ಒಂದಿಷ್ಟು ಎಣ್ಣೆ ಕುಡಿಸಿರಿ, ಅದೂ ನಮ್ಮಂತೆ ಓಡುತ್ತದೆ ಎಂದಿದ್ದೆ. ಸುತ್ತಲಿದ್ದವರು ನಕ್ಕಿದ್ದರು. ಕಾಕಾ ನಕ್ಕಿರಲಿಲ್ಲ, ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದ. ಅಲ್ಲಿಂದ ಎರಡು ವರ್ಷ ಒಂದೂ ಅಮಾವಾಸ್ಯೆ ತಪ್ಪಿಸದೆ, ಪೂಜೆ ಮುಗಿದ ಮೇಲೆ, ನಾಲ್ಕೂ ಕಿಟಕಿಗೆ ಮನೆಯ ಒಳ್ಳೆಯ ಎಣ್ಣೆ ಬಿಟ್ಟಿದ್ದ. ಗಾಜು ಹೆಚ್ಚು ಬಿಗಿಯಾದಂತೆ ಎಣ್ಣೆಯನ್ನೂ ಹೆಚ್ಚಿಸಿದ್ದ.

ನನಗೆ ರೊಟ್ಟಿ ಇಳಿಯಲಿಲ್ಲ. ಕಾಕಾ ಬಯ್ದಿದ್ದರೆ ಇಳಿಯುತ್ತಿತ್ತೇನೋ. ಅವನು ಪಲ್ಯ ನನ್ನ ಕಡೆ ಸರಿಸಿದ.

ಎರಡು ದಾರಿ ಇದ್ದವು. ಹೇಗೂ ಮೋಟಾರು ತಣ್ಣಗಿದ್ದಾಗ ಮುಂದಿನ ಎರಡು ಗಾಜು ಒಂದು ಸಲ ಏರಿ ಇಳಿಯುತ್ತವೆ. ಹಿಂದಿನವನ್ನು ಕೈಯಿಂದ ಎತ್ತಿ, ಒಳಗೆ ಕಟ್ಟಿಗೆಯ ಆಸರೆ ಕೊಟ್ಟು, ಅಧಿಕಾರಿಯ ಮುಂದೆ ಅವನ್ನು ಮುಟ್ಟದಂತೆ ಮಾತಿನಲ್ಲಿ ಹೊತ್ತು ಕಳೆಯಬಹುದಿತ್ತು. ಮಾತು ನನ್ನಲ್ಲಿ ಬೇಕಾದಷ್ಟಿದೆ. ಬಹುಶಃ ಕಾಗದ ಸಿಗುತ್ತಿತ್ತು. ಸಾಲೆ ತೆರೆದ ಮೇಲೆ ಐದು ಜನ ಅಕ್ಕಾರು ಅದೇ ಧೂಳಿನಲ್ಲಿ ಕೂರುತ್ತಿದ್ದರು, ಆಗ ಟ್ರಿಪ್ಪು ಕೈತಪ್ಪಿ ಹೋಗುತ್ತಿತ್ತು. ಇನ್ನೊಂದು ದಾರಿ ಎಂದರೆ ಮುಗಿಸಿದ ಮೂರೂ ಬಾಗಿಲನ್ನು ಮತ್ತೆ ಬಿಚ್ಚುವುದು. ಎಲ್ಲ ಹಲಗೆ, ಎಲ್ಲ ಗಾಜು, ಎಲ್ಲ ರಬ್ಬರು. ಮಾಡಿದ್ದನ್ನೆಲ್ಲ ಕೆಡವಿ ಮೊದಲಿನಿಂದ. ನನ್ನ ಮೈ ಮೊದಲನೆಯ ದಾರಿಗೆ ಎರಡೂ ಕೈ ಎತ್ತಿ ಮತ ಹಾಕಿತು.

ನಾನು ಎದ್ದು ಡ್ರೈವರ್ ಕಡೆಯ ಹಿಡಿಕೆಯ ಸ್ಕ್ರೂ ಬಿಚ್ಚಿದೆ.

ಗಾಜಿನ ಕಾಲುವೆಯ ರಬ್ಬರು ಉದ್ದನೆಯ ಬೆಲ್ಟಿನಂತಿರುತ್ತದೆ, ಒಳಮೈಗೆ ಮಖಮಲ್ಲಿನಂಥ ಬಟ್ಟೆ. ಎಳೆದರೆ ಹರಿಯುತ್ತದೆ, ಆದ್ದರಿಂದ ಮೂಲೆಯಿಂದ ಬೆರಳಲ್ಲೇ ಬಿಡಿಸಿಕೊಳ್ಳುತ್ತ ಬರಬೇಕು. ನಾಲ್ಕೂ ಬಿಡಿಸಿದ ಮೇಲೆ ಪೆಟ್ರೋಲಿನಲ್ಲಿ ತೊಳೆಯಲು ಹೊರಟೆ. ರಬ್ಬರು ಉಬ್ಬುತ್ತದೆ ಎಂಬುದು ನೆನಪಿಗೆ ಬರುವ ಮೊದಲೇ ಕಾಕು ನನ್ನ ಕೈಯಿಂದ ಡಬ್ಬಿ ಕಸಿದುಕೊಂಡಳು.

"ಭಜಿ ಕರದ ಕಡಾಯಿ ಹೆಂಗ ತೊಳೀತಾರ ಗೊತ್ತೈತೇನು? ಬಿಸಿ ನೀರು, ಸೋಡಾ, ನೆನಿ ಇಡೂದು. ಜಲ್ದಿ ಮಾಡಿದ್ರ ಬರೂದಿಲ್ಲ."

ಪಕ್ಕದ ಚಹಾದ ಅಂಗಡಿಯಲ್ಲಿ ನೀರು ಕಾಯಿಸಿ ತಂದು, ಸೋಡಾ ಪುಡಿ ಕಲಸಿ, ಬಕೆಟ್ಟಿನಲ್ಲಿ ರಬ್ಬರು ಸುರುಳಿ ಸುತ್ತಿ ನೆನೆಯಿಟ್ಟೆವು. ಅರ್ಧ ತಾಸಿಗೆ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು ಮೂವರೂ ಕೂತು ತಿಕ್ಕಿದೆವು. ನಾಲ್ಕು ಸಲ ನೀರು ಬದಲಾಯಿತು. ಬಿಸಿಲಿಗೆ ತಗಡಿನ ಮೇಲೆ ಹಾಸಿದಾಗ ರಬ್ಬರು ಮುಕ್ಕಾಲು ತಾಸಿನಲ್ಲಿ ಒಣಗಿತು. ಮೇ ತಿಂಗಳಿನ ಬಿಸಿಲು ನನ್ನ ಪರವಾಗಿ ಮಾಡಿದ ಒಂದೇ ಕೆಲಸ ಅದು.

ಉಳಿದದ್ದು ಸುಟ್ಟ ಮೋಟಾರು. ಇನ್ನೊಂದನ್ನು ತರಿಸಲು ಹೊತ್ತಿಲ್ಲ. ಹಿಂದಿನ ಎಡಬಾಗಿಲಿನ ಹಳೆಯ ಮೋಟಾರನ್ನೇ ಬಿಚ್ಚಿದೆ. ಒಳಗೆ ಕರೆಂಟು ಮುಟ್ಟಿಸುವ ಇದ್ದಿಲಿನ ಬ್ರಶ್ಶುಗಳು ಆ ಗಾರೆಯೊಂದಿಗೆ ಗುದ್ದಾಡಿ ಸವೆದು ಚೂರಾಗಿದ್ದವು. ಬಲಬಾಗಿಲಿನ ಒಂದು ಹಳೆಯ ಮೋಟಾರಿನ ಬ್ರಶ್ಶುಗಳು ತುಸು ಉಳಿದಿದ್ದವು. ಅವನ್ನು ಬಿಡಿಸಿ ಇದಕ್ಕೆ ಬೆಸುಗೆ ಹಾಕಿದೆ. ಹಲ್ಲಿನ ಚಕ್ರಕ್ಕೆ ಹೊಸ ಗ್ರೀಸು. ಈ ಸಲ ಕೂಡಿಸುವ ಮೊದಲು ಗಾಜನ್ನು ಬರಿಗೈಯಲ್ಲಿ ಸರಿಸಿ ನೋಡಿದೆ. ಒಂದು ಬೆರಳಿಗೆ ಏರಿತು. ಹತ್ತು ಸೆಕೆಂಡು.

ಹೊತ್ತು ಮುಳುಗುವಾಗ ನಾಲ್ಕೂ ಗಾಜು ಏರಿದವು. ಮೂರು ಸರಾಗವಾಗಿ, ಹಿಂದಿನ ಎಡಗಡೆಯದು ಮಾತ್ರ ಮೊಣಕಾಲು ನೋವಿದ್ದವರು ಮೆಟ್ಟಿಲು ಹತ್ತಿದ ಹಾಗೆ. ಕಾಕಾ ಒಂದು ಸಲ ಒತ್ತಿ ನೋಡಿ ಕೈ ತೆಗೆದ. ಮತ್ತೆ ಒತ್ತಲಿಲ್ಲ.

ಗುರುವಾರ ನಾನೂ ಜೊತೆಗೆ ಹೋದೆ. ಅಮೀನಗಡ ದಾಟುವವರೆಗೂ ಕಾಕಾ ಕಿಟಕಿಯ ಸ್ವಿಚ್ಚು ಮುಟ್ಟಲಿಲ್ಲ. ಮುಚ್ಚಿದ ಗಾಜಿನೊಳಗೆ ಇಬ್ಬರೂ ಬೆಂದೆವು. ತೆಗೆಯಿರಿ ಎನ್ನುವ ಧೈರ್ಯ ನನಗೂ ಇರಲಿಲ್ಲ.

ಬಾಗಲಕೋಟೆಯ ನವನಗರದ ಮೈದಾನದಲ್ಲಿ ಗಾಡಿಗಳ ಸಾಲು. ನಮ್ಮ ಸರದಿ ಬಂದಾಗ ಹನ್ನೆರಡಾಗಿತ್ತು. ಅಧಿಕಾರಿ ದೀಪ, ಬ್ರೇಕು, ವೈಪರು ನೋಡಿದರು. ಟೈರು ಒದ್ದರು. ಹಾಳೆಯ ಮೇಲೆ ಏನೋ ಬರೆಯುತ್ತ, ತಲೆ ಎತ್ತದೆ, ನಾಲ್ಕೂ ಗಾಜು ಇಳಿಸಿ ಎಂದರು. ಇಳಿದವು. ಇಳಿಯುವುದು ಕಷ್ಟವಲ್ಲ. ಆಮೇಲೆ ಏರಿಸಿ ಎಂದರು. ಕಾಕಾ ನಾಲ್ಕು ಬೆರಳಿನಿಂದ ನಾಲ್ಕೂ ಸ್ವಿಚ್ಚು ಹಿಡಿದ. ಮೂರು ಗಾಜು ಮೇಲೆ ಹೋಗಿ ಕೂತವು. ಹಿಂದಿನ ಎಡಗಡೆಯದು ಅರ್ಧಕ್ಕೆ ಬಂದಿತ್ತು. ಅಧಿಕಾರಿ ಪೆನ್ನು ನಿಲ್ಲಿಸಿ ಅದರ ಕಡೆ ನೋಡಿದರು. ನಾನು ಬಾಯಿ ತೆರೆದೆ, ಏನಾದರೊಂದು ಹೇಳಿ ನಗಿಸೋಣ ಎಂದು. ಆಮೇಲೆ ಮುಚ್ಚಿದೆ. ಮುಕ್ಕಾಲು. ಇನ್ನು ನಾಲ್ಕು ಬೆರಳು. ಎರಡು. ಗಾಜು ಮೇಲಿನ ರಬ್ಬರಿಗೆ ಮುಟ್ಟಿ ಟಪ್ ಎಂದಿತು.

ಅಧಿಕಾರಿ, ಇದಕ್ಕೆ ಅವಸರ ಇಲ್ಲ ಕಾಣುತ್ತದೆ ಎಂದು ಸಹಿ ಹಾಕಿ ಮುಂದಿನ ಗಾಡಿಗೆ ನಡೆದರು.

ಮೈದಾನದ ಹೊರಗೆ ಬೇವಿನ ನೆರಳಿಗೆ ಗಾಡಿ ನಿಲ್ಲಿಸಿ ಕಾಕಾ ಫೋನು ಹಚ್ಚಿದ. ಮೂರು ದಿನದಿಂದ ಮುಂದೂಡಿದ್ದ ಫೋನು. ಪಾಸಿಂಗ್ ಆಯಿತು, ಸಾಲೆ ಸುರುವಾದ ದಿನ ಎಂದಿನಂತೆ ಏಳೂವರೆಗೆ ನಿಂತಿರಿ ಎಂದು ಎರಡೆರಡು ಸಲ ಹೇಳಿದ. ಆ ಕಡೆಯಿಂದ ಹಿರಿಯ ಅಕ್ಕಾರು ಕಾಗದದ ಮಾತು ಬಿಟ್ಟು ಗಾಜಿನ ಮಾತು ಕೇಳಿದರು. ಕಾಕಾ ಫೋನನ್ನು ನನ್ನ ಕಿವಿಗೆ ಹಿಡಿದ. ಖರೆನೇ ಏರ್ತಾವೇನು, ಅಥವಾ ಪಾಸಿಂಗ್ ದಿನದ ಮಟ್ಟಿಗೋ ಎಂದು ಅವರು ಮತ್ತೆ ಕೇಳಿದರು.

ನಾಲಿಗೆಯ ತುದಿಗೆ ಮೂರು ಉತ್ತರ ಬಂದವು, ಮೂರೂ ನಗುವಂಥವು. ಕಾಕಾ ನನ್ನ ಬಾಯಿಯನ್ನೇ ನೋಡುತ್ತಿದ್ದ.

"ಏರ್ತಾವ್ರಿ ಅಕ್ಕಾರ," ಅಂದೆ. "ಹಿಂದಿನ ಎಡಗಡೀದು ಸ್ವಲ್ಪ ಸಾವಕಾಶ ಏರ್ತೈತಿ. ಟಿಪ್ಪರ್ ದೂರ ಇದ್ದಾಗನ ಒತ್ರಿ."